ಸೊನ್ನೆಯ ಮೇಲೋ, ಕೆಳಗೋ

ಎರಡು ಡಿಗ್ರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದು ಸೊನ್ನೆಯ ಮೇಲಿನ ಎರಡೋ ಕೆಳಗಿನ ಎರಡೋ ಎಂದು ಯಾರಾದರೂ ಪಟ್ಟು ಹಿಡಿದು ಕೇಳಿದ್ದರೆ, ಈ ಜನವರಿಯವರೆಗೆ ನಾನು ಬಾಯಿ ಬಿಡುತ್ತಿರಲಿಲ್ಲ. ಇನ್ನೂ ಬೆಳಕು ಹರಿದಿರಲಿಲ್ಲ, ಕೈಯಲ್ಲಿದ್ದದ್ದು ಒಂದು ಸಣ್ಣ ಟಾರ್ಚು, ಕನ್ನಡಕವನ್ನು ದಿಂಬಿನ ಪಕ್ಕ ಮರೆತು ಬಂದಿದ್ದೆ. ನಾನು ಓದಿ ಹೇಳಿದ ಆ ಎರಡನ್ನು ನಂಬಿ ಒಬ್ಬ ಮನುಷ್ಯ ತನ್ನ ಇಡೀ ವರ್ಷದ ಬೆಳೆಯನ್ನು ಪಣಕ್ಕಿಟ್ಟ.

ಇದರಲ್ಲಿ ಬರುವ ಮಾತುಗಳೂ ನನ್ನ ನೆನಪಿನವೇ. ಯಾವುದನ್ನು ಯಾರು ಮೊದಲು ಹೇಳಿದರು ಎಂಬ ಬಗ್ಗೆ ನನಗೂ ನನ್ನ ಭಾವನಿಗೂ ಇವತ್ತಿಗೂ ಒಮ್ಮತವಿಲ್ಲ. ಸ್ಲೊವೇನಿಯಾ ದೇಶದ ಆ ಪುಟ್ಟ ಊರಿನ ಹೆಸರನ್ನೂ ಬರೆಯುವುದಿಲ್ಲ. ನನ್ನ ನೆನಪಿನ ತಪ್ಪು ಅವರ ಊರಿನ ಮೇಲೆ ಕೂರುವುದು ಬೇಡ.

ಹೊರಡುವ ಮೊದಲು, ಶನಿವಾರಸಂತೆ

ನಮ್ಮ ತೋಟ ಶನಿವಾರಸಂತೆಯ ಹತ್ತಿರ. ಮೈಸೂರಿನಲ್ಲಿ ಭೂಗೋಳ ಓದಿ, ಕುಶಾಲನಗರದ ಕಡೆ ಕೆಲವು ವರ್ಷ ಪಾಠ ಹೇಳಿ, ಅದೂ ಬೇಸರವಾಗಿ ತೋಟಕ್ಕೆ ಮರಳಿದವನು ನಾನು. ಕೊಡಗಿನಲ್ಲಿ ಕಾಫಿ ಬೆಳೆಯುವವರ ಅಂಗಳದಲ್ಲಿ ಒಂದು ರೇನ್ ಗೇಜ್ ಇರುತ್ತದೆ, ಮನೆಯೊಳಗೆ ಒಂದು ಮಳೆ ಪುಸ್ತಕ ಇರುತ್ತದೆ. ಬೆಳಿಗ್ಗೆ ಎಂಟಕ್ಕೆ ಅಳೆದು ಬರೆಯಬೇಕು. ಆಮೇಲೆ ಫೋನು: "ನಿಮ್ಮಲ್ಲಿ ಎಷ್ಟು ಸೆಂಟ್ಸ್?" ಒಂದು ಇಂಚು ಮಳೆಯನ್ನು ನೂರು ಪಾಲು ಮಾಡಿದರೆ ಒಂದು ಪಾಲು ಒಂದು ಸೆಂಟ್. ಗುಡ್ಡದ ಈ ಮಗ್ಗುಲಿಗೆ ಎಂಬತ್ತು ಸೆಂಟ್ಸ್ ಸುರಿದ ದಿನ ಆ ಮಗ್ಗುಲಿನಲ್ಲಿ ಎಲೆಯೂ ಒದ್ದೆಯಾಗಿರುವುದಿಲ್ಲ. ಹಾಗಾಗಿ ಎಲ್ಲರೂ ಎಲ್ಲರನ್ನೂ ಕೇಳುತ್ತಾರೆ, ಯಾರೂ ಪಕ್ಕದವರ ಗೇಜನ್ನು ನಂಬಿ ಕೆಲಸ ಮಾಡುವುದಿಲ್ಲ. ನಮ್ಮ ಮನೆಯ ಪುಸ್ತಕವನ್ನು ಅಪ್ಪ ಕನ್ನಡ ಅಂಕಿಗಳಲ್ಲಿ ಬರೆಯುತ್ತಿದ್ದರು. ನಾನೂ ಹಾಗೇ ಮುಂದುವರಿಸಿದ್ದೇನೆ.

ಮಳೆ ಬಿಸಿಲು ಬರೆದಿಡುವ ಹುಚ್ಚಿರುವವರು ಜಗತ್ತಿನ ಎಲ್ಲ ಕಡೆ ಇದ್ದಾರೆ. ಇಂಟರ್ನೆಟ್ಟಿನಲ್ಲಿ ಹಾಗೆ ಪರಿಚಯವಾದವರು ಮರಿಯಾ, ನಿವೃತ್ತ ಶಾಲಾ ಶಿಕ್ಷಕಿ. ಅವರ ತಂದೆ ಆರಂಭಿಸಿದ ಉಷ್ಣತೆಯ ಪುಸ್ತಕವನ್ನು ಒಂದು ದಿನವೂ ಬಿಡದೆ ಬರೆಯುವವರು. ಆರು ವರ್ಷ ನಾನು ಅವರಿಗೆ ಸೆಂಟ್ಸ್ ಕಳಿಸಿದೆ, ಅವರು ನನಗೆ ಡಿಗ್ರಿ ಕಳಿಸಿದರು. ಕೊನೆಗೆ, "ಏಪ್ರಿಲ್ ಕೊನೆಗೆ ಬನ್ನಿ. ನನ್ನ ತಮ್ಮನ ಸೇಬು ಹೂ ಬಿಟ್ಟಿರುತ್ತದೆ" ಎಂದು ಬರೆದರು.

"ಒಬ್ರೇ ಹೋದ್ರೆ ಪಾಸ್‌ಪೋರ್ಟ್ ಒಂದ್ ದೇಶದಲ್ಲಿ, ನೀವೊಂದ್ ದೇಶದಲ್ಲಿ" ಎಂದಳು ನನ್ನ ಹೆಂಡತಿ ಗಿರಿಜ. ಅವಳ ಅಣ್ಣ ಮಲ್ಲೇಶಪ್ಪನನ್ನು ನನ್ನ ಜೊತೆ ಹೊರಡಿಸಿದಳು. ಭಾವನಿಗೆ ಪಕ್ಕದಲ್ಲೇ ಇನ್ನೊಂದು ತೋಟವಿದೆ. ನನಗೆ ಯಾವುದರ ಮೇಲೂ ನಂಬಿಕೆಯಿಲ್ಲ, ಭಾವನಿಗೆ ಯಾವುದರ ಮೇಲೂ ಅನುಮಾನವಿಲ್ಲ. ಜೋಡಿ ಸರಿಯಾಗಿತ್ತು.

ಮೊದಲ ದಿನ, ಪೆಟ್ಟಿಗೆ

ಮರಿಯಾ ಅವರ ಮನೆ ಇಳಿಜಾರಿನಲ್ಲಿದೆ. ಕೆಳಗೆ ಹಸಿರು ತಗ್ಗು, ಅದರ ಅಂಚಿಗೆ ಒಂದು ತೊರೆ, ಆಚೆ ಹಿಮ ಇನ್ನೂ ಕರಗದ ಬೆಟ್ಟ. ಬಾಗಿಲಲ್ಲಿ ಬೂಟು ಬಿಚ್ಚಿಸಿದರು. ಇದು ನಮ್ಮ ಪದ್ಧತಿಯೇ ಎಂದು ನಾವು ಹಿಗ್ಗುವಷ್ಟರಲ್ಲಿ ಇಬ್ಬರಿಗೂ ಒಂದೊಂದು ಜೊತೆ ಉಣ್ಣೆಯ ಚಪ್ಪಲಿ ತಂದಿಟ್ಟರು. ಭಾವನ ಪಾಲಿಗೆ ಬಂದದ್ದು ಗುಲಾಬಿ ಬಣ್ಣದ್ದು, ಮೇಲೆ ಕುಚ್ಚು.

"ಇದೇನ್ ಮೇಷ್ಟ್ರೇ, ಚಪ್ಲಿ ಬಿಡಿ ಅಂತಾರೆ, ಬಿಟ್ಮೇಲೆ ಇನ್ನೊಂದ್ ಚಪ್ಲಿ ಕೊಡ್ತಾರೆ!"

"ಹಾಕ್ಕೊಳಿ ಭಾವ. ಬೇಡ ಅಂದ್ರೆ ಬೇಜಾರ್ ಮಾಡ್ಕೊತಾರೆ."

"ಹಾಕ್ಕೊತೀನಿ. ಫೋಟೊ ಮಾತ್ರ ತೆಗೀಬೇಡಿ. ಊರಲ್ಲಿ ಮರ್ಯಾದೆ ಅದೆ ನಂಗೆ."

ತೋಟ ನೋಡಲು ಹೊರಗೆ ಬಂದೆವು. ಹುಲ್ಲಿನ ನಡುವೆ ನಾಲ್ಕು ಕಾಲಿನ ಮೇಲೆ ಒಂದು ಬಿಳಿಯ ಮರದ ಪೆಟ್ಟಿಗೆ ನಿಂತಿತ್ತು, ಸುತ್ತ ಸಂದು ಸಂದಾಗಿ ಪಟ್ಟಿ ಬಡಿದದ್ದು. ನಾನು ಕೈ ಚಾಚಿದೆ. ಭಾವ ನನ್ನ ಅಂಗಿ ಹಿಡಿದು ಹಿಂದಕ್ಕೆಳೆದರು.

"ಹತ್ರ ಹೋಗ್ಬೇಡಿ. ಜೇನ್ ಪೆಟ್ಗೆ! ಎದ್ರೆ ಮುಖ ಯಾವ್ದು ಅಂತ ನನ್ ತಂಗಿಗೂ ಗುರ್ತು ಸಿಗಲ್ಲ."

ಮರಿಯಾ ಬಂದು ಪೆಟ್ಟಿಗೆಯ ಬಾಗಿಲು ತೆರೆದರು. ಒಳಗೆ ಥರ್ಮಾಮೀಟರು. ಬಿಸಿಲು ನೇರ ತಾಗಬಾರದು, ಗಾಳಿ ಆಡಬೇಕು, ಅದಕ್ಕೆ ಪೆಟ್ಟಿಗೆ. ನಾನು ಹತ್ತಾರು ಸಲ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದ ಪೆಟ್ಟಿಗೆಯೇ ಅದು. ಎದುರಿಗೆ ಕಂಡಾಗ ನನಗೂ ಜೇನಿನ ನೆನಪೇ ಬಂದಿತ್ತು ಎಂಬುದನ್ನು ಭಾವನಿಗೆ ಇನ್ನೂ ಹೇಳಿಲ್ಲ.

ಎರಡನೆಯ ದಿನ, ಅಡುಗೆಮನೆಯ ಗೋಡೆ

ಬೆಳಿಗ್ಗೆ ಏಳಕ್ಕೆ ಮರಿಯಾ ಪೆಟ್ಟಿಗೆ ನೋಡಿ ಬರುತ್ತಾರೆ. ಅಷ್ಟರಲ್ಲಿ ಬೇಲಿಯಾಚೆ ಹಾಲಿನ ಕ್ಯಾನು ಹಿಡಿದವರು, ನಾಯಿ ಹಿಡಿದವರು, ಬ್ರೆಡ್ಡು ತರಲು ಹೊರಟವರು ಒಂದೇ ಪದದಲ್ಲಿ "ಎಷ್ಟು?" ಎಂದು ಅವರ ಭಾಷೆಯಲ್ಲಿ ಕೇಳುತ್ತಾ ಹೋಗುತ್ತಾರೆ. ಮರಿಯಾ ಬೆರಳು ಎತ್ತಿ ತೋರಿಸುತ್ತಾರೆ. ಭಾವನಿಗೆ ತನ್ನ ಊರಿಗೇ ಬಂದಂತಾಯಿತು. "ನಮ್ ಥರಾನೇ ಮೇಷ್ಟ್ರೇ! ಇಲ್ಲೂ ಜನ ಕೆಲ್ಸ ಬಿಟ್ಟು ಇದೇ ಮಾತಾಡ್ತಾರೆ."

ಅಡುಗೆಮನೆಯ ಗೋಡೆಗೆ ಉದ್ದನೆಯ ಕಾಗದ ಅಂಟಿಸಿದ್ದರು. ಹನ್ನೆರಡು ತಿಂಗಳ ಉಷ್ಣತೆಯ ಗೆರೆ. ಜನವರಿಯಲ್ಲಿ ಸೊನ್ನೆಯ ಕೆಳಗೆ ಮಲಗಿ, ಏಪ್ರಿಲ್‌ನಲ್ಲಿ ಏಳುತ್ತಾ ಬೀಳುತ್ತಾ ಏರಿ, ಜುಲೈಯಲ್ಲಿ ನೆತ್ತಿ ಮುಟ್ಟಿ, ಅಕ್ಟೋಬರ್‌ನಿಂದ ಸರ್ರನೆ ಇಳಿಯುತ್ತದೆ. ನಾನು ಪೆನ್ಸಿಲ್ ಕೇಳಿ ಪಕ್ಕದಲ್ಲಿ ನಮ್ಮ ಊರಿನ ಗೆರೆ ಎಳೆದೆ. ಅದು ಅಂಗೈ ಅಗಲದ ದಿಬ್ಬ ಅಷ್ಟೆ, ವರ್ಷವಿಡೀ ಒಂದೇ ಸಮ. ಆಮೇಲೆ ಎರಡೂ ಊರಿನ ಮಳೆಯ ಗೆರೆ ಎಳೆದೆ. ಈಗ ಅವರದ್ದು ಹೆಚ್ಚುಕಮ್ಮಿ ಸಮತಟ್ಟು, ನಮ್ಮದು ಜುಲೈಯಲ್ಲಿ ಕಾಗದ ಮೀರಿ ಗೋಡೆಗೆ ಹತ್ತಿತು. ಮರಿಯಾ ಅದನ್ನೇ ನೋಡುತ್ತಾ ನಿಂತರು. "ನಿಮಗೆ ಬೆಟ್ಟ ನೀರಿನದು, ನಮಗೆ ಬೆಟ್ಟ ಬಿಸಿಯದು" ಎಂದರು. ಆರು ವರ್ಷದ ಪತ್ರಗಳಲ್ಲಿ ಇಬ್ಬರಿಗೂ ಹೊಳೆಯದ್ದು ಒಂದು ಪೆನ್ಸಿಲ್ಲಿಗೆ ಹೊಳೆಯಿತು.

ಅವರ ವಸಂತದಲ್ಲಿ ಒಂದು ತಂಟೆಯಿದೆ. ಬೆಚ್ಚಗಾಯಿತು ಎಂದು ಮರಗಳು ಹೂ ಬಿಟ್ಟ ಮೇಲೆ ಚಳಿ, ಮರೆತುಹೋದ ಕೊಡೆ ಹುಡುಕಿಕೊಂಡು ಬಂದವರಂತೆ, ಮತ್ತೆ ಬಾಗಿಲು ತಟ್ಟುತ್ತದೆ. ಮೇ ನಡುವಿನಲ್ಲಿ ಬರುವ ಚಳಿಗೆ ಅವರು ಸಂತರ ಹೆಸರಿಟ್ಟಿದ್ದಾರೆ. ಆ ಸಂತರು ದಾಟುವವರೆಗೆ ಮರಿಯಾ ಟೊಮೆಟೊ ಸಸಿಯನ್ನು ಕಿಟಕಿಯಿಂದ ಹೊರಗಿಡುವುದಿಲ್ಲ. ನಾವು ಮಳೆಗೆ ನಕ್ಷತ್ರಗಳ ಹೆಸರಿಟ್ಟಿರುವುದನ್ನು ಹೇಳಿದೆ. ಅವರ ಸಂತರು ಬರುವ ಹೊತ್ತಿಗೆ ನಮ್ಮಲ್ಲಿ ಕೃತ್ತಿಕೆ ನಡೆಯುತ್ತಿರುತ್ತದೆ.

"ನೀವು ನಂಬುತ್ತೀರಾ?" ಎಂದು ಕೇಳಿದರು.

"ಇಲ್ಲ. ಆದರೆ ಬರೆದಿಡುತ್ತೇನೆ" ಎಂದೆ.

"ನಾನೂ" ಎಂದರು.

ನಾಲ್ಕನೆಯ ದಿನ, ತಿಳಿ ಆಕಾಶ

ಮರಿಯಾ ಅವರ ತಮ್ಮ ತೋನಿಗೆ ಐವತ್ತರ ಹತ್ತಿರ. ಅಕ್ಕನ ಮನೆಯ ಕೆಳಗಿನ ಕೋಣೆಯಲ್ಲೇ ಇರುತ್ತಾನೆ. ಮಾತು ಕಡಿಮೆ, ಬಾಯಲ್ಲಿ ಯಾವಾಗಲೂ ಒಂದು ಹುಲ್ಲುಕಡ್ಡಿ. ಅವರ ತಂದೆಯ ಸೇಬಿನ ಮರಗಳು ಮನೆಯ ಪಕ್ಕದ ಇಳಿಜಾರಿನಲ್ಲಿದ್ದವಂತೆ. ಅವು ಮುದಿಯಾದ ಮೇಲೆ ತೋನಿ ಅವನ್ನು ಕಡಿಸಿ, ಟ್ರ್ಯಾಕ್ಟರ್ ಓಡಿಸಲು ಸುಲಭವೆಂದು ಕೆಳಗಿನ ತಗ್ಗಿನಲ್ಲಿ ಹೊಸ ತೋಟ ಎಬ್ಬಿಸಿದ್ದ. ಆ ವರ್ಷವೇ ಮೊದಲ ಬಾರಿಗೆ ಎಲ್ಲ ಸಾಲೂ ತುಂಬಿ ಹೂ ಬಿಟ್ಟಿತ್ತು. ಅವನ ಬದುಕೆಲ್ಲ ಆ ಬಿಳಿ ಹೂವಿನಲ್ಲಿತ್ತು.

ಸಾಲುಗಳ ನಡುವೆ ಬಣ್ಣದ ಡಬ್ಬಿಯಂಥ ಡಬ್ಬಿಗಳನ್ನು ಇಟ್ಟಿದ್ದ. ಒಳಗೆ ಮೇಣ ಮತ್ತು ಬತ್ತಿ. ಇಬ್ಬನಿ ಹೆಪ್ಪುಗಟ್ಟುವಂಥ ಬೆಳಗಿನಲ್ಲಿ ಹಚ್ಚಿದರೆ ಹೂವಿನ ಸುತ್ತ ಒಂದೆರಡು ಡಿಗ್ರಿ ಬೆಚ್ಚಗಾಗುತ್ತದೆ. ಹಿಂದಿನ ವಾರ ಒಂದು ರಾತ್ರಿ ಹಚ್ಚಿ ಹೆಚ್ಚಿನ ಮೇಣ ಉರಿದುಹೋಗಿತ್ತು. ಉಳಿದದ್ದು ಎರಡು ಗಂಟೆಯ ಉರಿ. ಸುತ್ತಿನ ಊರುಗಳಲ್ಲೆಲ್ಲ ಕೇಳಿದ್ದ, ಹೊಸ ಡಬ್ಬಿ ಸಿಕ್ಕಿರಲಿಲ್ಲ. ತಪ್ಪು ದಿನ ಹಚ್ಚಿದರೆ ಸರಿಯಾದ ದಿನಕ್ಕೆ ಏನೂ ಉಳಿಯುವುದಿಲ್ಲ.

ಸಂಜೆ ಮೋಡ ಸರಿದು ಆಕಾಶ ತೊಳೆದಿಟ್ಟಂತಾಯಿತು. ಭಾವ ತೋನಿಯ ಬೆನ್ನು ತಟ್ಟಿ, ತಮಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ಆಕಾಶ ತೋರಿಸಿ, ಬಹಳ ಚೆಂದ, ಬಹಳ ಚೆಂದ ಎಂದರು. ತೋನಿಯ ಮುಖ ಸಪ್ಪಗಾಯಿತು. ಮೋಡವೇ ಅವನ ಹೂವಿಗೆ ಹೊದಿಕೆ ಎಂದು ನಾನು ವಿವರಿಸಿದೆ. ಮೋಡ ಇಲ್ಲದ ರಾತ್ರಿ ನೆಲದ ಬಿಸಿಯೆಲ್ಲ ಮೇಲೆ ಹಾರಿಹೋಗುತ್ತದೆ.

"ಅಯ್ಯೋ ಶಿವನೇ! ಕಾಫಿ ಹೂ ಬಿಡೋವಾಗ ನಮ್ಗೂ ಬೇಕಾಗಿರೋದು ಮೋಡಾನೇ ಅಲ್ವಾ? ನಾನ್ಯಾಕ್ ಹಂಗಂದೆ?" ಭಾವ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ತೋನಿ ಮಾತ್ರ ಸಮಾಧಾನದಿಂದಿದ್ದ. ಅವನ ತಂದೆಯ ಕಾಲದಿಂದ ಒಂದು ನಿಯಮವಿತ್ತು. ಅಕ್ಕನ ಪೆಟ್ಟಿಗೆ ಒಂದು ಡಿಗ್ರಿಗೆ ಇಳಿದರೆ ಹಚ್ಚು, ಇಲ್ಲದಿದ್ದರೆ ಮಲಗು.

ಐದನೆಯ ಬೆಳಗು, ತಗ್ಗು

ಅಲ್ಲಿ ನಸುಕಿನ ನಾಲ್ಕು ಗಂಟೆಯಾದರೆ ನಮ್ಮಲ್ಲಿ ಏಳೂವರೆ. ರೇನ್ ಗೇಜ್ ಅಳೆಯುವ ಹೊತ್ತು ಹತ್ತಿರವಾದರೆ ಭಾವನಿಗೆ ಯಾವ ದೇಶದಲ್ಲೂ ನಿದ್ದೆ ಬಾರದು. ದಿನವೂ ಆ ಹೊತ್ತಿಗೆ ಎದ್ದು ಅಂಗಳಕ್ಕೆ ಹೋಗಿ ಮನೆಗೆ ಫೋನ್ ಮಾಡುತ್ತಿದ್ದರು. ಅವತ್ತೂ ಹೋದರು. ಎರಡೇ ನಿಮಿಷಕ್ಕೆ ಹಿಂದಿರುಗಿ ನನ್ನ ಹೊದಿಕೆ ಎಳೆದರು.

"ಏಳಿ ಮೇಷ್ಟ್ರೇ. ಕೆಳಗಡೆ ನೋಡಿ ಬನ್ನಿ."

ಹೊರಗೆ ಬಂದೆ. ಮೇಲೆ ಒಂದು ಚೂರೂ ಮೋಡವಿಲ್ಲ. ತಗ್ಗಿನಲ್ಲಿ ಮಾತ್ರ ತೆಳ್ಳಗೆ ಬಿಳುಪು ನಿಂತಿತ್ತು, ಬಟ್ಟಲಲ್ಲಿ ಮಜ್ಜಿಗೆ ನಿಂತಂತೆ. ಅಷ್ಟರಲ್ಲಿ ಮರಿಯಾ ಮತ್ತು ತೋನಿ ಪೆಟ್ಟಿಗೆಯ ಮುಂದೆ ನಿಂತಿದ್ದರು. ಇಬ್ಬರೂ ಬಟ್ಟೆ ಬದಲಿಸದೆ ಮಲಗಿದವರು. ಪೆಟ್ಟಿಗೆಯೊಳಗೆ ಎರಡು ಡಿಗ್ರಿ. ಸೊನ್ನೆಯ ಮೇಲೆ. ಇದನ್ನು ಮರಿಯಾ ಓದಿದ್ದು, ಇದರಲ್ಲಿ ಯಾರಿಗೂ ಸಂಶಯವಿಲ್ಲ. ತೋನಿ ಉಸಿರು ಬಿಟ್ಟು, "ಮಲಗೋಣ" ಎಂದ.

ಈಗ ಬಂತು ವಿವಾದದ ಮಾತು. "ಪೆಟ್ಟಿಗೆ ಇಲ್ಲಿದೆ, ಮರ ಅಲ್ಲಿದೆಯಲ್ಲ?" ಎಂದು ನಾನು ಕೇಳಿದ್ದಾಗಿ ನನ್ನ ನೆನಪು. ಭಾವನ ಪ್ರಕಾರ ಹೇಳಿದ್ದು ಅವರು, ಹೀಗೆ: "ಪೆಟ್ಗೆ ಮನೆ ಹತ್ರ ಮಡಗಿದಾರೆ, ತೋಟ ಕೆಳಗದೆ. ಪಕ್ಕದ ಮನೆ ಗೇಜ್ ನೋಡ್ಕೊಂಡು ನಮ್ ತೋಟಕ್ಕೆ ಗೊಬ್ರ ಹಾಕ್ತೀವಾ ನಾವು?" ಮಾತಿನ ಧಾಟಿ ನೋಡಿದರೆ ಅವರದೇ ಇರಬೇಕು.

ನನಗೆ ಆ ಹೊತ್ತಿಗೆ ನೆನಪಾದದ್ದು ನಮ್ಮ ಗದ್ದೆ. ಜನವರಿಯ ಬೆಳಿಗ್ಗೆ ಅಪ್ಪನ ಹಿಂದೆ ಇಳಿಜಾರು ಇಳಿದು ಗದ್ದೆ ಬಯಲಿಗೆ ಕಾಲಿಟ್ಟ ಕೂಡಲೇ ಮೊಣಕಾಲಿನವರೆಗೆ ತಣ್ಣಗಾಗುತ್ತಿತ್ತು. ತಣ್ಣನೆಯ ಗಾಳಿ ಭಾರ, ಅದು ನೀರಿನಂತೆ ತಗ್ಗಿಗೆ ಹರಿಯುತ್ತದೆ. ಇದು ನಿಜವಾದ ನೆನಪೋ, ಪಾಠದ ಪುಸ್ತಕದಿಂದ ನಾನು ಕಟ್ಟಿಕೊಂಡದ್ದೋ ಎಂದು ಅಲ್ಲೇ ನಿಂತು ಯೋಚಿಸತೊಡಗಿದೆ. ಭಾವ ಗದರಿದರು.

"ಗದ್ದೇಲಿ ಚಳಿ ಜಾಸ್ತಿ ಅನ್ನೋಕೆ ಎಂ.ಎ. ಬೇಕಾ? ನಡೀರಿ!"

ವಿಷಯವನ್ನು ನಾನು ಇಂಗ್ಲಿಷಿನಲ್ಲಿ ಹೇಳಿದ ಕೂಡಲೇ ಮರಿಯಾ ಅಡುಗೆಮನೆಯ ಕಿಟಕಿಗೆ ಸಿಕ್ಕಿಸಿದ್ದ ಚಿಕ್ಕ ಥರ್ಮಾಮೀಟರನ್ನು ಬಿಚ್ಚಿ ನನ್ನ ಕೈಗಿಟ್ಟರು, ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡರು. ತೋನಿ ಗೊಣಗುತ್ತಾ ಹಿಂದೆ ಬಂದ. ತಮ್ಮ ತಂದೆಯ ನಿಯಮದ ಪೆಟ್ಟಿಗೆಯ ಪಕ್ಕದಲ್ಲೇ ತಂದೆಯ ಮರಗಳಿದ್ದವು ಎಂಬುದು ಅಕ್ಕ ತಮ್ಮ ಇಬ್ಬರಿಗೂ ಇಳಿಯುತ್ತಾ ಇಳಿಯುತ್ತಾ ಹೊಳೆದಿರಬೇಕು. ಕೊನೆಯ ಮೂವತ್ತು ಹೆಜ್ಜೆಯನ್ನು ತೋನಿ ಓಡಿದ.

ನಡುಸಾಲಿನ ಒಂದು ಕೊಂಬೆಗೆ ಥರ್ಮಾಮೀಟರ್ ಕಟ್ಟಿದೆ. ಕಾದೆವು. ಹುಲ್ಲು ಕಾಲ ಕೆಳಗೆ ಹಪ್ಪಳದಂತೆ ಸದ್ದು ಮಾಡುತ್ತಿತ್ತು. ಭಾವ ಗುಲಾಬಿ ಚಪ್ಪಲಿಯಲ್ಲೇ ಬಂದಿದ್ದರು. ಮುಖವನ್ನು ಗಾಜಿಗೆ ಅಂಟಿಸುವಷ್ಟು ಹತ್ತಿರ ತಂದು ನೋಡಿದೆ. ಕೆಂಪು ಗೆರೆ, ಸೊನ್ನೆಯ ಎರಡೂ ಕಡೆ ಒಂದೇ ಥರದ ಗೀಟುಗಳು.

"ಎರಡು!" ಎಂದು ಕೂಗಿದೆ.

"ಮೇಲೋ ಕೆಳಗೋ?" ಎಂದರು ಭಾವ.

"ಕೆಳಗೆ" ಎಂದು ಇಂಗ್ಲಿಷಿನಲ್ಲೂ ಕೂಗಿದೆ. ಕೂಗಿದೆನೆಂದೇ ನೆನಪು.

ಮರಿಯಾ ಪುಸ್ತಕವನ್ನೂ ಪೆನ್ಸಿಲನ್ನೂ ನನ್ನ ಕೈಗೆ ತುರುಕಿ, "ಬರೆಯಿರಿ" ಎಂದು ಹೇಳಿ ಡಬ್ಬಿಗಳತ್ತ ನಡೆದುಬಿಟ್ಟಿದ್ದರು. ಏನೋ ಬರೆದೆ. ಆಮೇಲೆ ನಾಲ್ವರೂ ಸಾಲು ಸಾಲಾಗಿ ಹಚ್ಚುತ್ತಾ ಹೋದೆವು. ಭಾವ ಕಾರ್ತಿಕದ ದೀಪ ಹಚ್ಚುವ ಶ್ರದ್ಧೆಯಲ್ಲಿ ಒಂದೊಂದಕ್ಕೂ ಬಗ್ಗಿ, ಕೈ ಅಡ್ಡ ಹಿಡಿದು ಹಚ್ಚಿದರು. ತೊರೆಯ ಪಕ್ಕದ ಕೊನೆಯ ಸಾಲಿಗೆ ಡಬ್ಬಿ ಸಾಲಲಿಲ್ಲ. ಉಳಿದ ತೋಟವೆಲ್ಲ ಹೂವಿನ ಕೆಳಗಿನಿಂದ ಹೊಂಬಣ್ಣಕ್ಕೆ ತಿರುಗಿತು. ಅಷ್ಟು ಸುಂದರವಾದದ್ದನ್ನು ಅಷ್ಟು ಹೆದರಿಕೊಂಡು ನಾನು ಎಂದೂ ನೋಡಿರಲಿಲ್ಲ.

ಮೇಣ ಮುಗಿಯುವುದಕ್ಕೂ ಬಿಸಿಲು ಬೆಟ್ಟ ದಾಟುವುದಕ್ಕೂ ಸರಿಹೋಯಿತು. ಒಂಬತ್ತರ ಹೊತ್ತಿಗೆ ತೋನಿ ಕೈಗೆ ಸಿಕ್ಕ ಹೂವುಗಳನ್ನು ಕಿತ್ತು, ಉಗುರಿನಿಂದ ನಡುವೆ ಸೀಳಿ ನೋಡಿದ. ಚಳಿ ಹೊಡೆದಿದ್ದರೆ ಹೂವಿನ ಎದೆ ಕಪ್ಪಾಗಿರುತ್ತದೆ. ಒಂದು ಹಸಿರು. ಇನ್ನೊಂದು ಹಸಿರು. ಹತ್ತು, ಇಪ್ಪತ್ತು ಹಸಿರು. ಕೊನೆಯ ಸಾಲಿಗೆ ಹೋದ. ಕಪ್ಪು, ಕಪ್ಪು, ಕಪ್ಪು. ಹಿಂದಿರುಗಿ ಬಂದವನು ಭಾವನನ್ನು ನೆಲದಿಂದ ಎತ್ತಿ ಒಂದು ಸುತ್ತು ತಿರುಗಿಸಿದ. ಒಂದು ಗುಲಾಬಿ ಚಪ್ಪಲಿ ಹಾರಿ ತೊರೆಗೆ ಬಿತ್ತು.

ಅದೇ ಹೊತ್ತಿಗೆ, ನಸುಕಿನಲ್ಲಿ ಯಾಕೆ ಮಾಡಲಿಲ್ಲವೆಂದು ಕೇಳಲು ಮನೆಯಿಂದ ಭಾವನಿಗೆ ಫೋನು ಬಂತು. ಊರಲ್ಲಿ ಅರವತ್ತು ಸೆಂಟ್ಸ್. ಒಂಟಿ ಚಪ್ಪಲಿಯಲ್ಲಿ ನಿಂತ ಭಾವ ಅದನ್ನು ಇಡೀ ಕಣಿವೆಗೆ ಕೇಳುವಂತೆ ಸಾರಿದರು. ಬೇಲಿಯಾಚೆ ಹಾಲಿನ ಕ್ಯಾನಿನ ಹೆಂಗಸು ಏನೂ ಅರ್ಥವಾಗದೆ ಚಪ್ಪಾಳೆ ತಟ್ಟಿದಳು.

ಹಿಂದಿರುಗಿದ ಮೇಲೆ, ಮತ್ತೆ ಶನಿವಾರಸಂತೆ

ಶರತ್ಕಾಲದಲ್ಲಿ ತೋನಿಯಿಂದ ಫೋಟೊ ಬಂತು. ಕೊಂಬೆಗಳು ಬಾಗುವಷ್ಟು ಸೇಬು. ಕೊನೆಯ ಸಾಲು ಬರಿದು. ನಡುಸಾಲಿನಲ್ಲಿ ನಾಲ್ಕು ಕಾಲಿನ ಹೊಸ ಬಿಳಿ ಪೆಟ್ಟಿಗೆ. ಅದರ ಮೇಲೆ ಒಂದು ಗುಲಾಬಿ ಚಪ್ಪಲಿ. ಹಿಂದೆಯೇ ಒಣಗಿಸಿದ ಸೇಬಿನ ಚಕ್ಕೆಗಳ ಒಂದು ಪೊಟ್ಟಣ ಬಂತು. ಭಾವ ಅದನ್ನು ಜೇಬಿನಲ್ಲಿಟ್ಟುಕೊಂಡು ಸಂತೆಯ ಹೋಟೆಲಿನಲ್ಲಿ ಎಲ್ಲರಿಗೂ ಒಂದೊಂದು ಹಂಚಿ ಕತೆ ಹೇಳಿದರು. ಮಳೆಗಾಲದಲ್ಲಿ ಮೈನಸ್ ಎರಡಿದ್ದದ್ದು ಆಗ ಮೈನಸ್ ಐದಾಗಿತ್ತು. ಕಾಫಿ ಪಿಕಿಂಗ್ ಶುರುವಾಗುವಷ್ಟರಲ್ಲಿ ಮೈನಸ್ ಹತ್ತಕ್ಕೆ ಇಳಿದಿತ್ತು.

"ಭಾವ, ಅದು ಎರಡು" ಎಂದೆ ಒಂದು ದಿನ ನಮ್ಮ ಮನೆಯಲ್ಲಿ.

ಕಾಫಿ ಲೋಟ ಇಡುತ್ತಿದ್ದ ಗಿರಿಜ ನಿಂತಳು. "ಅಲ್ಲಾ, ಕನ್ನಡಕ ಮರ್ತು ಹೋಗಿದ್ದೆ ಅಂತ ನೀವೇ ಹೇಳ್ತೀರ. ಇಲ್ಲಿ ಹಗಲಲ್ಲಿ ಪೇಪರ್ ಹೆಡ್ಡಿಂಗ್ ಓದೋಕಾಗಲ್ಲ. ಅಲ್ಲಿ ಕತ್ಲಲ್ಲಿ ಮೈನಸ್ ಕಾಣ್ತಾ?"

"ಏಯ್, ಸುಮ್ನಿರು ಗಿರಿಜ. ನಾನ್ ಪಕ್ದಲ್ಲೇ ಇದ್ದೆ" ಎಂದರು ಭಾವ.

"ನೀನು ನೋಡ್ದಾ ಅಣ್ಣ?"

"ನಾನು ಚಪ್ಲಿ ನೋಡ್ಕೊತಿದ್ದೆ."

ಆ ಪ್ರಶ್ನೆ ನನ್ನೊಳಗೆ ಮುಳ್ಳಿನಂತೆ ಉಳಿಯಿತು. ಮೇಲಿನ ಪೆಟ್ಟಿಗೆಯಲ್ಲೂ ಎರಡು, ಕೆಳಗೂ ಎರಡು. ಮೇಲೆ ಕೇಳಿದ ಎರಡನ್ನೇ ಕೆಳಗೂ ಕಂಡೆನೇ? ಕೊನೆಯ ಸಾಲು ಕಪ್ಪಾದದ್ದು ತೊರೆಯಂಚಿನ ಚಳಿಗೆ ಸಾಕ್ಷಿ, ನಾನು ಅಳೆದ ನಡುಸಾಲಿನ ಚಳಿಗೆ ಅಲ್ಲ. ಅಲ್ಲಿ ಎರಡು ಡಿಗ್ರಿ ಮೇಲಿದ್ದರೆ ತೋನಿಯ ಸೇಬು ನಾವಿಲ್ಲದೆಯೂ ಆಗುತ್ತಿತ್ತು. ನಾವು ಸುಮ್ಮನೆ ಅವನ ಮೇಣ ಸುಟ್ಟು ಮೆರೆದು ಬಂದವರಾಗುತ್ತಿದ್ದೆವು. ಮರಿಯಾ ಅವರನ್ನು ಕೇಳಿದರೆ ಮುಗಿಯುತ್ತಿತ್ತು. ಉತ್ತರಕ್ಕೆ ಹೆದರಿ ಎರಡು ತಿಂಗಳು ಕೇಳಲಿಲ್ಲ.

ಜನವರಿಯಲ್ಲಿ ಬರೆದೆ. ಮಾರನೆಯ ದಿನವೇ ಉತ್ತರ ಬಂತು: "ಸೊನ್ನೆಯ ಕೆಳಗೆ ಎಂದು ನೀವು ಕೂಗಿದ್ದು ನನಗೂ ನೆನಪಿದೆ. ಆದರೆ ನೆನಪು ದಾಖಲೆಯಲ್ಲ. ಆ ಸಾಲು ನಿಮ್ಮ ಲಿಪಿಯಲ್ಲಿದೆ, ನಾನು ಓದಲಾರೆ. ನೀವೇ ಓದಿ ಹೇಳಿ. ತಗ್ಗಿನ ತೋಟಕ್ಕೆಂದು ಗೋಡೆಯ ಮೇಲೆ ಎಳೆದ ಹೊಸ ಗೆರೆಯಲ್ಲಿ ಆ ದಿನದ ಜಾಗ ಇನ್ನೂ ಖಾಲಿಯಿದೆ." ಜೊತೆಗೆ ಪುಸ್ತಕದ ಪುಟದ ಫೋಟೊ ಇತ್ತು.

ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಕೂತು, ಕನ್ನಡಕ ಒರೆಸಿ ಹಾಕಿಕೊಂಡು, ಫೋಟೊ ದೊಡ್ಡದು ಮಾಡಿದೆ. ಗಿರಿಜ ನನ್ನ ಭುಜದ ಮೇಲಿಂದ ಬಗ್ಗಿದಳು. ಮರಿಯಾ ಅವರ ಅಚ್ಚುಕಟ್ಟಾದ ಅಂಕಿಗಳ ಕೆಳಗೆ, ಅಪ್ಪನ ಮಳೆ ಪುಸ್ತಕದ ಅದೇ ಸೊಟ್ಟ ಬರವಣಿಗೆಯಲ್ಲಿ, ಮೊದಲು ಹೊತ್ತು: ೪-೨೦. ಅದರ ಮುಂದೆ ೨. ಆ ಎರಡರ ಎಡಕ್ಕೆ, ಪೆನ್ಸಿಲಿನ ಮೊನೆ ಮುರಿದು ಕಾಗದ ಹರಿಯುವಷ್ಟು ಒತ್ತಿ ಎಳೆದ ಒಂದು ಅಡ್ಡಗೆರೆ ಇದೆ.